ಸಹಾಯನಿಧಿಗೆ ಕೂಪನ್ ಪುಸ್ತಕಕ್ಕಿಂತ ಮನೆಮಂದಿಯ ಕೈಕೆಲಸ ಮೇಲು

ಮಾನ್ಯ ಸಂಪಾದಕರೇ,

ಸಮುದಾಯದ ಒಳ್ಳೆಯ ಕೆಲಸಗಳಿಗೆಂದು ನಡೆಯುವ ನಿಧಿ ಸಂಗ್ರಹದಲ್ಲಿ ಕುಟುಂಬಗಳ ಪಾತ್ರ ಏನಾಗಿರಬೇಕು ಎಂಬ ವಿಷಯದಲ್ಲಿ ನನ್ನ ಅನಿಸಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಇದಕ್ಕೆ ನೆಪವಾದದ್ದು ನನ್ನ ಮೊಮ್ಮಗಳು ಕಳೆದ ತಿಂಗಳು ಮನೆಗೆ ತಂದ ಒಂದು ಕೂಪನ್ ಪುಸ್ತಕ. ಒಂದು ಪುಸ್ತಕ ಮಾರಿ ಮುಗಿಸಿದರೆ ಪೆನ್ನು, ಮೂರು ಮುಗಿಸಿದರೆ ನೀರಿನ ಬಾಟಲಿ, ಹತ್ತು ಮುಗಿಸಿದರೆ ಕೈಗಡಿಯಾರ ಎಂದು ಅದರ ಹಿಂಬದಿಯ ರಟ್ಟಿನ ಮೇಲೆ ಬಣ್ಣಬಣ್ಣದ ಚಿತ್ರಗಳ ಸಮೇತ ಅಚ್ಚಾಗಿತ್ತು. ಹಣ ಯಾವ ಕೆಲಸಕ್ಕೆ ಎಂಬ ವಿವರ ಒಳಪುಟದಲ್ಲಿ, ಸಣ್ಣ ಅಕ್ಷರದ ಎರಡು ಸಾಲುಗಳಲ್ಲಿತ್ತು. ಎಂಟು ವರ್ಷದ ಮಗು ಇವೆರಡರಲ್ಲಿ ಯಾವುದನ್ನು ಮೊದಲು ಓದಿತು ಎಂದು ಹೇಳಬೇಕಾಗಿಲ್ಲ.

ಮುಂದೆ ನಡೆದದ್ದು ಬಹುತೇಕ ಮನೆಗಳಲ್ಲಿ ನಡೆಯುವಂಥದ್ದೇ. ಅಪರಿಚಿತರ ಬಾಗಿಲಿಗೆ ಮಗುವನ್ನು ಕಳುಹಿಸಲು ಧೈರ್ಯ ಸಾಲದ ತಂದೆ ಆ ಪುಸ್ತಕವನ್ನು ಕಚೇರಿಗೆ ಒಯ್ದು ಸಹೋದ್ಯೋಗಿಗಳ ಮುಂದೆ ಚಾಚಿದರು. ಹಿಂದಿನ ಸಲ ತಮ್ಮ ಮಕ್ಕಳ ಪುಸ್ತಕದಲ್ಲಿ ಈ ತಂದೆ ಹರಿದುಕೊಂಡಿದ್ದ ಚೀಟಿಗಳಷ್ಟನ್ನೇ ಸಹೋದ್ಯೋಗಿಗಳೂ ಲೆಕ್ಕವಿಟ್ಟು ಹರಿದುಕೊಂಡರು. ಉಳಿದ ಚೀಟಿಗಳಲ್ಲಿ ಕೆಲವಕ್ಕೆ ತಾಯಿ ಬಂಧುಗಳ ಹೆಸರು ಬರೆದು ತಮ್ಮ ಕೈಯಿಂದಲೇ ಹಣ ಹಾಕಿದರು. ಹೀಗೆ ಒಂದೇ ಹಣ ಕಿಸೆಯಿಂದ ಕಿಸೆಗೆ ಸುತ್ತು ಹೊಡೆಯುವಾಗ ಮಗುವಿನ ಪಾಲಿಗೆ ಉಳಿಯುವ ಕೆಲಸ ಬಹುಮಾನ ಪಡೆಯುವುದೊಂದೇ. ಕೈ ಬಿಗಿಯಿರುವ ಮನೆಯ ಮಗುವಿಗಂತೂ ಅದೂ ಇಲ್ಲ; ಅರ್ಧ ಖಾಲಿಯಿರುವ ಪುಸ್ತಕವನ್ನು ಎಲ್ಲರೆದುರು ಹಿಂತಿರುಗಿಸುವ ಸಂಕೋಚ ಮಾತ್ರ ಅದರದು.

ಬಹುಮಾನವಿಲ್ಲದಿದ್ದರೆ ಮಕ್ಕಳು ಉತ್ಸಾಹ ತೋರುವುದಿಲ್ಲ ಎಂಬುದು ಸಂಘಟಕರ ಸಮರ್ಥನೆ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಉರಿ ಗ್ನೀಝಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಸ್ರೇಲಿನಲ್ಲಿ ಮನೆಮನೆಗೆ ತೆರಳಿ ದೇಣಿಗೆ ಸಂಗ್ರಹಿಸುತ್ತಿದ್ದ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಲಾಗಿತ್ತು. ಮೊದಲ ಗುಂಪಿಗೆ ಉದ್ದೇಶವನ್ನಷ್ಟೇ ವಿವರಿಸಿ ಕಳುಹಿಸಿದರು. ಎರಡನೆಯದಕ್ಕೆ ಸಂಗ್ರಹದ ಶೇ 1ರಷ್ಟನ್ನೂ ಮೂರನೆಯದಕ್ಕೆ ಶೇ 10ರಷ್ಟನ್ನೂ ದೇಣಿಗೆಯಿಂದ ಕಡಿಯದೆ ಪ್ರತ್ಯೇಕವಾಗಿ ಕೊಡುವುದಾಗಿ ಹೇಳಿದರು. ಏನನ್ನೂ ಪಡೆಯದ ಗುಂಪೇ ಎಲ್ಲರಿಗಿಂತ ಹೆಚ್ಚು ಹಣ ತಂದಿತು, ಶೇ 1ರ ಗುಂಪು ಎಲ್ಲರಿಗಿಂತ ಕಡಿಮೆ. ಇನ್ನೂ ಚಿಕ್ಕ ಮಕ್ಕಳ ಬಗ್ಗೆ ಅಮೆರಿಕದ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲೇ ಬರೆದಿದ್ದಾರೆ: ಚಿತ್ರ ಬಿಡಿಸುವುದರಲ್ಲಿ ತಾವಾಗಿಯೇ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳಿಗೆ ಪ್ರಶಸ್ತಿ ಪತ್ರದ ಆಸೆ ತೋರಿಸಿ ಬಿಡಿಸಲು ಹೇಳಿದಾಗ, ಒಂದೆರಡು ವಾರಗಳ ನಂತರ ಆ ಮಕ್ಕಳು ಬಣ್ಣದ ಪೆನ್ನುಗಳನ್ನು ಮುಟ್ಟುತ್ತಿದ್ದ ಹೊತ್ತು, ಆಸೆ ತೋರಿಸದ ಮಕ್ಕಳಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕಿಳಿದಿತ್ತು. ಪೆನ್ನು, ಬಾಟಲಿಗಳಿಗೆ ಹಣ ಸುರಿಯುವ ಸಂಘಟಕರು ಆ ಖರ್ಚನ್ನು ಉಳಿಸಿದ್ದರೆ ನಷ್ಟವೇನೂ ಆಗುತ್ತಿರಲಿಲ್ಲ ಎಂದು ಇದರಿಂದ ತಿಳಿಯಬಹುದು.

ಇದರ ಬದಲಿಗೆ ನಾನು ಸೂಚಿಸುವುದು ಹೊಸದೇನಲ್ಲ. ಋತುವಿಗೆ ತಕ್ಕ ಸಣ್ಣ ಸಣ್ಣ ಕೈಕೆಲಸದ ವಸ್ತುಗಳನ್ನು ಮನೆಮಂದಿಯೆಲ್ಲ ಕೂಡಿ ಮಾಡಿ, ವರ್ಷಕ್ಕೆ ಒಂದೋ ಎರಡೋ ಸಲ ಒಂದೇ ಕಡೆ ಮೇಜು ಹಾಕಿ ಮಾರುವುದು, ಅಷ್ಟೇ. ಮೂವತ್ತು ವರ್ಷ ಮಕ್ಕಳಿಗೆ ಕೈಕೆಲಸ ಕಲಿಸಿದವಳಾದ್ದರಿಂದ ಇದರ ಸುಖವನ್ನೂ ತೊಂದರೆಯನ್ನೂ ಹತ್ತಿರದಿಂದ ಬಲ್ಲೆ.

ಯಾವ ವಸ್ತು ಮಾಡಬೇಕು ಎಂದು ಆರಿಸುವಾಗ ನಾವು ಸಾಮಾನ್ಯವಾಗಿ ಮನೆಯಲ್ಲಿ ಎಲ್ಲರಿಗಿಂತ ಜಾಣ ಕೈ ಯಾರದೋ ಅವರನ್ನು ನೋಡಿ ಆರಿಸುತ್ತೇವೆ. ಅದು ತಪ್ಪು ಎಂಬುದು ನನ್ನ ಅನುಭವ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಉದ್ಯೋಗ ಒದಗಿಸಲು 1922ರಲ್ಲಿ ಲಂಡನ್ನಿನಲ್ಲಿ ಐವರು ಕೆಲಸಗಾರರೊಂದಿಗೆ ಆರಂಭವಾದ ಕಾರ್ಖಾನೆಯಲ್ಲಿ, ಸಹಾಯನಿಧಿಗಾಗಿ ಮಾರುವ ಕೆಂಪು ಗಸಗಸೆಯ (ಪಾಪಿ) ಕೃತಕ ಹೂಗಳನ್ನು ತಯಾರಿಸಲಾಗುತ್ತಿತ್ತು. ಅಂಗವೈಕಲ್ಯವಿದ್ದವರೂ ಸುಲಭವಾಗಿ ಜೋಡಿಸುವಂತೆ ಆ ಹೂವಿನ ವಿನ್ಯಾಸವನ್ನೇ ಸರಳಗೊಳಿಸಿದ್ದರು. ನಮ್ಮ ಮನೆಗಳಲ್ಲೂ ಕೈ ನಡುಗುವ ಅಜ್ಜನಿಂದಲೂ ಕತ್ತರಿ ಹಿಡಿಯಲು ಈಗಷ್ಟೇ ಕಲಿತ ಮಗುವಿನಿಂದಲೂ ಒಂದಾದರೂ ಹಂತ ನೆರವೇರುವಂಥ ವಸ್ತುವನ್ನೇ ಆರಿಸಿಕೊಳ್ಳಬೇಕು. ಕಾಗದದ ನಕ್ಷತ್ರವನ್ನು ತೆಗೆದುಕೊಳ್ಳಿ: ಒಬ್ಬರು ಅಳತೆ ಹಾಕುತ್ತಾರೆ, ಒಬ್ಬರು ಕತ್ತರಿಸುತ್ತಾರೆ, ಒಬ್ಬರು ಮಡಿಸುತ್ತಾರೆ, ಕೊನೆಯವರು ದಾರ ಪೋಣಿಸುತ್ತಾರೆ. ಅತ್ಯಂತ ಕುಶಲಿಯೊಬ್ಬರೇ ಮಾಡಬಲ್ಲ ಕಸೂತಿಯನ್ನು ಆರಿಸಿಕೊಂಡರೆ ಉಳಿದವರೆಲ್ಲ ಸುತ್ತ ಕುಳಿತು ಹೊಗಳುವುದಷ್ಟೇ ಆಗುತ್ತದೆ.

ಅಗ್ಗವೆಂಬುದರ ಬಗ್ಗೆಯೂ ಒಂದು ಮಾತು ಹೇಳಬೇಕು. ಕೈಕೆಲಸ ಅಗ್ಗವೆಂದು ಹೊರಟು ಅಂಗಡಿಯಿಂದ ಮಣಿ, ರಿಬ್ಬನ್, ಅಂಟು ಹಚ್ಚುವ ಗ್ಲೂಗನ್, ಬಗೆಬಗೆಯ ಬಣ್ಣದ ಹಾಳೆ ಎಲ್ಲವನ್ನೂ ಹೊಸದಾಗಿ ಕೊಂಡು ತರುವ ಕುಟುಂಬ, ಮಾರಾಟದಿಂದ ಬರುವುದಕ್ಕಿಂತ ಹೆಚ್ಚು ಹಣವನ್ನು ಸಾಮಗ್ರಿಗೇ ಹಾಕಿಬಿಡುತ್ತದೆ. ಅಂಥವರು ಆ ಮೊತ್ತವನ್ನು ನೇರವಾಗಿ ನಿಧಿಗೆ ಕೊಟ್ಟಿದ್ದರೆ ಶ್ರಮವೂ ಉಳಿಯುತ್ತಿತ್ತು, ನಿಧಿಯೂ ಬೆಳೆಯುತ್ತಿತ್ತು. ಆದುದರಿಂದ ಮನೆಯಲ್ಲಿ ಈಗಾಗಲೇ ಇರುವುದರಿಂದಲೇ ಆರಂಭಿಸಬೇಕು: ಹಳೆಯ ಕ್ಯಾಲೆಂಡರಿನ ಗಟ್ಟಿ ಹಾಳೆಗಳು, ಬಟ್ಟೆ ಹೊಲಿದು ಉಳಿದ ಚೂರುಗಳು, ಆಯಾ ಕಾಲದಲ್ಲಿ ಉದುರುವ ಎಲೆ, ಹೂವು, ಬೀಜ, ಕಾಯಿಗಳು. ಇವುಗಳಲ್ಲಿ ನನಗೆ ಅಚ್ಚುಮೆಚ್ಚು ಒಣಗಿಸಿದ ಹೂವಿನ ಶುಭಾಶಯ ಪತ್ರ ಮತ್ತು ಪುಟಗುರುತು. ತೆಳುವಾದ, ಬಿಡಿ ಎಸಳಿನ ಹೂಗಳನ್ನು ಇಬ್ಬನಿ ಆರಿದ ಮೇಲೆ ಕಿತ್ತು, ತೇವ ಹೀರುವ ಕಾಗದದ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕಗಳ ಭಾರ ಹೇರಿದರೆ ಎರಡು ಮೂರು ವಾರಗಳಲ್ಲಿ ಅವು ಗರಿಯಂತೆ ಒಣಗುತ್ತವೆ. ಮೊದಲ ವಾರದಲ್ಲಿ ಎರಡು ಮೂರು ಸಲ ಕಾಗದ ಬದಲಿಸಬೇಕು. ರಸ ತುಂಬಿದ ದಪ್ಪ ಹೂಗಳು ಒಣಗುವ ಮೊದಲೇ ಕಂದುಗಟ್ಟಿ ಬೂಷ್ಟು ಹಿಡಿಯುವುದರಿಂದ ಅವುಗಳ ಗೊಡವೆಗೆ ಹೋಗದಿರುವುದೇ ಲೇಸು.

ಶುಭಾಶಯ ಪತ್ರದ ಮಡಿಕೆಯಲ್ಲೂ ಒಂದು ಸೂಕ್ಷ್ಮವಿದೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿದರೆ ಯಾವ ಕಡೆಗೆ ಸುಲಭವಾಗಿ ಬಾಗುತ್ತದೋ ಆ ಮಡಿಕೆಯೇ ನಾರಿನ ದಿಕ್ಕಿನದು. ಅದಕ್ಕೆ ಅಡ್ಡವಾಗಿ ಮಡಿಸಿದರೆ ಗಟ್ಟಿ ಹಾಳೆಯ ಅಂಚು ಬಿರಿದು ಪತ್ರ ಹಳತಾದಂತೆ ಕಾಣುತ್ತದೆ. ಇಷ್ಟು ಚಿಕ್ಕ ಸಂಗತಿಯನ್ನು ಒಂದು ಮಗು ತಾನೇ ಕಂಡುಕೊಂಡು ತನ್ನ ತಂದೆಗೆ ಹೇಳಿಕೊಡುವುದನ್ನು ನಾನು ಕಂಡಿದ್ದೇನೆ. ಆ ತಂದೆ ಅಂದು ಮೊಬೈಲನ್ನು ಕಿಸೆಯಿಂದ ತೆಗೆಯಲೇ ಇಲ್ಲ.

ಮಕ್ಕಳು ಜೊತೆಗಿರುವಾಗ ಕಾಯಿಸಿದ ಮೇಣದ ಕೆಲಸ ಬೇಡ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಹುದಾದ ವಸ್ತುಗಳಲ್ಲಿ ಕಿತ್ತುಬರುವ ಗುಂಡಿ, ಮಣಿಗಳೂ ಇರಕೂಡದು. ಮಿನುಗುಪುಡಿಯನ್ನೂ (ಗ್ಲಿಟರ್) ಬಿಡಬಹುದು, ಅದು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನ ಚೂರೇ ಆಗಿದ್ದು, ಮಣ್ಣು ನೀರಿಗೆ ಸೇರಿದರೆ ಹಿಂತೆಗೆಯಲಾಗದೆಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರ್‌ನಲ್ಲಿ ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟವನ್ನು ನಿರ್ಬಂಧಿಸಿದೆ.

ಬೆಲೆ ಕಟ್ಟುವ ಹೊತ್ತಿಗೆ ಮನೆಮನೆಯಲ್ಲೂ ಜಗಳ ಶುರುವಾಗುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಕೈಕೆಲಸಕ್ಕೂ ಸಲ್ಲುತ್ತದೆ. ನಾರ್ಟನ್, ಮೋಚನ್ ಮತ್ತು ಅರಿಯೆಲಿ 2012ರಲ್ಲಿ ಪ್ರಕಟಿಸಿದ ಸಂಶೋಧನೆಯ ಒಂದು ಭಾಗದಲ್ಲಿ ಜನರಿಂದ ಕಾಗದದ ಕೊಕ್ಕರೆ, ಕಪ್ಪೆಗಳನ್ನು ಮಡಿಸಿಸಿ, ಅದನ್ನು ಎಷ್ಟು ಕೊಟ್ಟು ಕೊಳ್ಳುತ್ತೀರಿ ಎಂದು ಅವರನ್ನೇ ಕೇಳಲಾಗಿತ್ತು. ಹೊರಗಿನವರು ಅವಕ್ಕೆ ಕೊಡಲೊಪ್ಪಿದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚಿನ ಬೆಲೆಯನ್ನು ಮಡಿಸಿದವರು ಹೇಳಿದರು; ನುರಿತವರು ಮಡಿಸಿದ ಕೊಕ್ಕರೆಗೂ ತಮ್ಮ ಸೊಟ್ಟ ಕೊಕ್ಕರೆಗೂ ಅವರ ಕಣ್ಣಿಗೆ ಹೆಚ್ಚು ಅಂತರವೇ ಕಾಣಲಿಲ್ಲ. ಆದ್ದರಿಂದ ಒಂದು ಮನೆಯ ವಸ್ತುಗಳಿಗೆ ಬೇರೊಂದು ಮನೆಯವರು ಬೆಲೆ ಕಟ್ಟುವುದು ಒಳ್ಳೆಯದು. ಮುನಿಸು ಬಾರದಂತೆ ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು ಎಂಬುದು ಬೇರೆ ಮಾತು. ಬೆಲೆ ಕಡಿಮೆಯಿದ್ದಷ್ಟೂ ನಿಧಿ ಸೊರಗುತ್ತದೆಂಬ ಭಯವೂ ಬೇಕಿಲ್ಲ. ಕ್ಷಯ ತಗುಲಿದ ಮಕ್ಕಳ ಆಸ್ಪತ್ರೆಗಾಗಿ ಡೆನ್ಮಾರ್ಕಿನ ಅಂಚೆ ಗುಮಾಸ್ತ ಐನಾರ್ ಹೋಲ್ಬೆಲ್ ಎಂಬವರ ಸಲಹೆಯಂತೆ 1904ರಲ್ಲಿ ಹೊರತಂದ, ಕ್ರಿಸ್‌ಮಸ್ ಪತ್ರಗಳಿಗೆ ಅಂಟಿಸುವ ಪುಟ್ಟ ಚೀಟಿಯ ಬೆಲೆ ತೀರಾ ಅಲ್ಪವಾಗಿತ್ತು. ಮೊದಲ ವರ್ಷವೇ ನಲವತ್ತು ಲಕ್ಷಕ್ಕೂ ಹೆಚ್ಚು ಚೀಟಿಗಳು ಮಾರಾಟವಾದವು.

ಕೈಕೆಲಸದ ಮೇಜು ಇನ್ನೊಂದು ರೀತಿಯಲ್ಲಿ ಕೆಡುವುದೂ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ಪಕ್ಕದ ಮನೆಯವರ ವಸ್ತು ಚೆನ್ನಾಗಿದೆಯೆಂದು ಕಂಡೊಡನೆ ತಾಯಂದಿರು ರಾತ್ರಿ ಮಕ್ಕಳು ಮಲಗಿದ ಮೇಲೆ ಕುಳಿತು ಎಲ್ಲವನ್ನೂ ತಾವೇ ತಿದ್ದಿ ತೀಡಿ ಮುಗಿಸುತ್ತಾರೆ. ಬೆಳಗ್ಗೆ ಎದ್ದ ಮಗು ತನ್ನ ನಕ್ಷತ್ರವನ್ನು ಗುರುತಿಸಲಾರದೆ ಹುಡುಕುತ್ತದೆ. ಇಂಥ ಎಷ್ಟೋ ‘ಮಕ್ಕಳ’ ವಸ್ತುಗಳಿಗೆ ನಾನೇ ಹಿಂದೆ ಮೆಚ್ಚುಗೆಯ ಗುರುತು ಹಾಕಿದ್ದೇನೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. 1949ರಲ್ಲಿ ಯುನಿಸೆಫ್ ಸಂಸ್ಥೆಯ ಮೊತ್ತಮೊದಲ ಶುಭಾಶಯ ಪತ್ರವಾಗಿ ಮೂಡಿಬಂದದ್ದು, ಯುದ್ಧಾನಂತರದ ನೆರವಿಗೆ ಕೃತಜ್ಞತೆಯಾಗಿ ಚೆಕೊಸ್ಲೊವಾಕಿಯಾದ ಏಳು ವರ್ಷದ ಬಾಲಕಿಯೊಬ್ಬಳು ಬಿಡಿಸಿದ ಚಿತ್ರ. ಕಂಬವೊಂದರ ಸುತ್ತ ಮಕ್ಕಳು ಕುಣಿಯುತ್ತಿರುವ ಆ ಚಿತ್ರದಲ್ಲಿ ದೊಡ್ಡವರ ಕೈ ತಿದ್ದಿದ ನಯವಿಲ್ಲ, ಅದರಿಂದ ಅದಕ್ಕೆ ಯಾವ ಕುಂದೂ ಆಗಲಿಲ್ಲ.

ದಿನವಿಡೀ ದುಡಿದು ಬರುವ ತಂದೆತಾಯಿಗೆ ಇದಕ್ಕೆಲ್ಲ ಬಿಡುವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದು. ಮಾರಾಟಕ್ಕೆ ಆರು ವಾರ ಮೊದಲೇ ಆರಂಭಿಸಿ ವಾರಕ್ಕೆ ಒಂದು ಸಂಜೆಯನ್ನಷ್ಟೇ ಮೀಸಲಿಟ್ಟರೆ, ಒಂದು ಮನೆಯಿಂದ ಇಪ್ಪತ್ತು ವಸ್ತುಗಳು ತಯಾರಾಗುವುದು ಕಷ್ಟವಲ್ಲ. ಅದೂ ಆಗದವರಿಗೆ ಬೇರೆ ಕೆಲಸಗಳಿವೆ. ಮೇಜಿನ ಬಳಿ ಒಂದು ಗಂಟೆ ನಿಲ್ಲಬಹುದು, ಚಿಲ್ಲರೆ ಹೊಂದಿಸಿ ತರಬಹುದು, ಬೆಲೆಚೀಟಿಗಳನ್ನು ಮುದ್ದಾಗಿ ಬರೆದುಕೊಡಬಹುದು. ಹರೆಯದ ಮಕ್ಕಳಿಗೆ ಹಣದ ಪೆಟ್ಟಿಗೆಯನ್ನೇ ಒಪ್ಪಿಸಿ ನೋಡಿ. ಅಂಟು ಗೋಂದಿನ ಹತ್ತಿರ ಸುಳಿಯದ ಹುಡುಗರೂ ಲೆಕ್ಕದ ಜವಾಬ್ದಾರಿ ಸಿಕ್ಕಿದರೆ ಗಟ್ಟಿಯಾಗಿ ನಿಲ್ಲುತ್ತಾರೆ. ಆದರೆ ಹಣವನ್ನು ಎಣಿಸುವಾಗ ಬೇರೆ ಬೇರೆ ಮನೆಯ ಇಬ್ಬರು ಜೊತೆಗಿದ್ದು, ಮೊತ್ತ ಬರೆದು, ಇಬ್ಬರೂ ಸಹಿ ಹಾಕಬೇಕೆಂಬ ನಿಯಮವನ್ನು ಯಾರಿಗಾಗಿಯೂ ಸಡಿಲಿಸಬಾರದು. ಇದು ಯಾರ ಮೇಲಿನ ಸಂಶಯದಿಂದಲೂ ಅಲ್ಲ. ಮುಂದೆಂದೋ ಸಂಶಯದ ಮಾತು ಬಂದಾಗ ಆ ಮಗುವಿನ ಬೆನ್ನಿಗೆ ಒಂದು ಕಾಗದ ಇರಲಿ ಎಂದು.

ಮಾರಾಟವಾಗದೆ ಉಳಿದ ವಸ್ತುಗಳನ್ನು ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿರಬೇಕು. ಸಂಜೆಯ ಹೊತ್ತಿಗೆ ಯಾರದೋ ಮಗುವಿನ ಪತ್ರಗಳು ಮಾತ್ರ ಮೇಜಿನ ಮೇಲೆ ಉಳಿದಿರುವುದನ್ನು ನೋಡುವುದಕ್ಕಿಂತ, ಕೊನೆಯ ಅರ್ಧ ಗಂಟೆಯಲ್ಲಿ ಎಲ್ಲ ಮನೆಗಳ ಉಳಿಕೆಯನ್ನೂ ಬೆರೆಸಿ, ಐದೈದರ ಕಟ್ಟುಗಳನ್ನಾಗಿ ಮಾಡಿ ಮಾರುವುದು ನಾನು ಕಂಡ ಸುಲಭ ಉಪಾಯ.

ತಮ್ಮಲ್ಲಿಯೂ ಒಂದು ವಿನಂತಿಯಿದೆ. ಸಹಾಯನಿಧಿಯ ಚೆಕ್ ಹಸ್ತಾಂತರದ ಚಿತ್ರಗಳು ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುತ್ತವೆ. ಅವುಗಳಲ್ಲಿ ಹಾರ ಹಾಕಿಸಿಕೊಂಡ ಗಣ್ಯರೂ ಒಟ್ಟು ಮೊತ್ತವೂ ಇರುತ್ತವೆ. ಸಂಗ್ರಹಿಸಲು ತಗುಲಿದ ಖರ್ಚೆಷ್ಟು, ಎಷ್ಟು ಮನೆಗಳವರು ಕೈ ಹಾಕಿದ್ದರು ಎಂಬ ಎರಡು ಅಂಕಿಗಳನ್ನೂ ಸಂಘಟಕರಿಂದ ಕೇಳಿ ಪಡೆದು ಅದೇ ಅಡಿಬರಹದಲ್ಲಿ ಮುದ್ರಿಸಿದರೆ, ಮುಂದಿನ ಸಲ ಕೂಪನ್ ಪುಸ್ತಕ ಅಚ್ಚು ಹಾಕಿಸಲು ಹೊರಟವರು ಒಮ್ಮೆ ಯೋಚಿಸಬಹುದು.

ನನ್ನ ಮೊಮ್ಮಗಳ ಪುಸ್ತಕದಲ್ಲಿ ಇನ್ನೂ ಹನ್ನೊಂದು ಚೀಟಿಗಳು ಉಳಿದಿವೆ. ಅವುಗಳನ್ನು ಹಾಗೆಯೇ ಹಿಂತಿರುಗಿಸುವುದೆಂದು ಮನೆಯಲ್ಲಿ ಮಾತಾಗಿದೆ. ಜೊತೆಗೆ ಅವಳು ಒಣಗಲಿಟ್ಟ ಹೂಗಳಿಂದ ಮಾಡಿದ ಹನ್ನೊಂದು ಪುಟಗುರುತುಗಳನ್ನೂ ಒಂದು ಲಕೋಟೆಯಲ್ಲಿಟ್ಟು ಕಳುಹಿಸಲಿದ್ದೇವೆ. ಸಂಘಟಕರು ಅವುಗಳನ್ನು ಮಾರುತ್ತಾರೋ ಮೂಲೆಗಿಡುತ್ತಾರೋ ನೋಡಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕೈಕೆಲಸ ಶಿಕ್ಷಕಿ