ನನ್ನ ಮಗಳ ವಯಸ್ಸು ನಿಮ್ಮ ಕಾಮಗಾರಿಗೆ ಕಾಯುವುದಿಲ್ಲ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ಮನವಿ ಪತ್ರ ಕೊಟ್ಟು ಕೊಟ್ಟು ಸಾಕಾಗಿದೆ, ಅದಕ್ಕೇ ಈಗ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಯವರು ಪ್ರತಿ ಸಲವೂ ತಪ್ಪದೆ ‘ಸ್ವೀಕರಿಸಲಾಗಿದೆ’ ಎಂದು ಸೀಲು ಒತ್ತಿ ಕೊಟ್ಟಿದ್ದಾರೆ. ಸೀಲಿನ ಬಗ್ಗೆ ನಮ್ಮದೇನೂ ತಕರಾರಿಲ್ಲ. ತಕರಾರು ಇರುವುದು ಗ್ರೌಂಡಿನ ಬಗ್ಗೆ. ನಮ್ಮ ತಾಲ್ಲೂಕು ಗ್ರೌಂಡನ್ನು ಮಕ್ಕಳಿಗೆ ಬಿಟ್ಟುಕೊಡಿ, ಎರಡು ಗೋಲ್ ಪೋಸ್ಟ್ ನಿಲ್ಲಿಸಿ. ಇಷ್ಟೇ. ಸ್ಟೇಡಿಯಂ ಕೇಳಿಲ್ಲ, ಹುಲ್ಲುಹಾಸು ಕೇಳಿಲ್ಲ, ರಾತ್ರಿ ಲೈಟು ಕೇಳಿಲ್ಲ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಮನೆಯವರು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ನಮ್ಮಿಬ್ಬರಿಗೂ ಫುಟ್‌ಬಾಲಿನ ಗಾಳಿ ಗಂಧ ಗೊತ್ತಿರಲಿಲ್ಲ. ಮಗಳಿಗೆ ಈ ಹುಚ್ಚು ಹತ್ತಿದ್ದು 2022ರ ಅಕ್ಟೋಬರ್‌ನಲ್ಲಿ. 17 ವರ್ಷದೊಳಗಿನ ಹೆಣ್ಣುಮಕ್ಕಳ ವಿಶ್ವಕಪ್ ಆ ಸಲ ನಮ್ಮ ದೇಶದಲ್ಲೇ ನಡೆಯಿತು. ಭುವನೇಶ್ವರ, ಗೋವಾ, ನವಿ ಮುಂಬೈಗಳಲ್ಲಿ ಪಂದ್ಯಗಳು. ಭಾರತದ ಮೂರೂ ಪಂದ್ಯ ಭುವನೇಶ್ವರದ ಕಳಿಂಗ ಸ್ಟೇಡಿಯಂನಲ್ಲಿದ್ದವು. ಅಮೆರಿಕದ ಎದುರು 0-8, ಮೊರಾಕ್ಕೊ ಎದುರು 0-3, ಬ್ರೆಜಿಲ್ ಎದುರು 0-5. ನಮ್ಮ ಬಲೆಗೆ 16 ಗೋಲು ಬಿದ್ದವು, ನಾವು ಹೊಡೆದದ್ದು ಒಂದೂ ಇಲ್ಲ. ಮೊದಲ ಪಂದ್ಯದ ದಿನವೇ ಮನೆಯವರು ‘ಸಾಕು ಬಿಡ್ರವ್ವಾ, ಮಾನ ಹೋಯ್ತು’ ಅಂತ ಎದ್ದು ಹೋದರು. ಹದಿಮೂರರ ಹುಡುಗಿ ಮಾತ್ರ ಗೋಲಿನ ಮುಂದೆ ನಿಂತವಳನ್ನೇ ನೋಡುತ್ತಾ ಕೂತಿದ್ದಳು. ಎಂಟು ಹೋದ ಮೇಲೂ ಒಂಬತ್ತನೆಯದಕ್ಕೆ ಹಾರ್ತಾಳಲ್ಲ ಅಂತ ಅವಳಿಗೆ ಬೆರಗು. ಮರುದಿನ ಪಿಟಿ ಸರ್ ಹತ್ತಿರ ಹೋಗಿ ‘ಸರ್, ನಾ ಗೋಲ್‌ಕೀಪರ್ ಆಗ್ತೀನ್ರಿ’ ಅಂದಳಂತೆ. ಫೈನಲ್‌ನಲ್ಲಿ ಸ್ಪೇನ್ ಕೊಲಂಬಿಯಾವನ್ನು 1-0ಯಿಂದ ಸೋಲಿಸಿತು. ಆ ಒಂದು ಗೋಲು ಕೂಡ 82ನೇ ನಿಮಿಷದಲ್ಲಿ ಕೊಲಂಬಿಯಾದವರೇ ತಮ್ಮ ಬಲೆಗೆ ಹಾಕಿಕೊಂಡದ್ದು. ಇವೆಲ್ಲ ನನಗೆ ಬಾಯಿಪಾಠವಾಗಿವೆ, ದಿನಾ ಕೇಳಿ ಕೇಳಿ.

ಆ ವಿಶ್ವಕಪ್ಪಿನ ಒಂದು ಸಂಗತಿಯನ್ನು ನೀವು ಗಮನಿಸಬೇಕು. ಭಾರತದಲ್ಲಿ ಅದು ನಡೆಯಬೇಕಿದ್ದದ್ದು 2020ರಲ್ಲಿ. ಕೊರೊನಾ ಬಂತು, ಫಿಫಾ ಅದನ್ನು ರದ್ದು ಮಾಡಿ ಬದಲಿಗೆ 2022ರದನ್ನು ನಮಗೆ ಕೊಟ್ಟಿತು. ದೇಶಕ್ಕೆ ನಷ್ಟವಾಗಲಿಲ್ಲ. ಆದರೆ 2022ರಲ್ಲಿ ಆಡಬೇಕಾದರೆ 2005ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿರಬೇಕಿತ್ತು. 2003ರಲ್ಲಿ, 2004ರಲ್ಲಿ ಹುಟ್ಟಿ, 2020ಕ್ಕೆಂದು ಬೆವರು ಸುರಿಸಿದ ಹುಡುಗಿಯರು ಮನೆಗೆ ಹೋದರು. ಅವರು ಆಟ ಮರೆತಿರಲಿಲ್ಲ, ಕಾಲು ಮುರಿದುಕೊಂಡಿರಲಿಲ್ಲ. ದೊಡ್ಡವರಾದರು, ಅಷ್ಟೇ. ಕೊರೊನಾ ಯಾರ ಕೈಯಲ್ಲೂ ಇರಲಿಲ್ಲ ಅನ್ನೋಣ. ನಮ್ಮ ಗ್ರೌಂಡು ನಿಮ್ಮ ಕೈಯಲ್ಲಿದೆ.

ನನ್ನ ಮಗಳು 2009ರವಳು. ವಿಶ್ವಕಪ್ಪಿನ ಲೆಕ್ಕದಲ್ಲಿ ಈ 2026 ಅವಳಿಗೆ 17ರೊಳಗಿನ ಕೊನೆಯ ವರ್ಷ. ಅವಳು ಭಾರತಕ್ಕೆ ಆಡೇ ಬಿಡ್ತಾಳೆ ಅಂತ ನಾನು ಹೇಳುತ್ತಿಲ್ಲ. ಅಷ್ಟು ಬುದ್ಧಿಗೇಡಿ ನಾನಲ್ಲ. ಜಿಲ್ಲಾ ತಂಡದಲ್ಲಿ, ದೇವರು ಕಣ್ಣು ಬಿಟ್ಟರೆ ಕಲಬುರಗಿ ವಿಭಾಗದ ತಂಡದಲ್ಲಿ ನಿಲ್ಲಬೇಕು ಎನ್ನುವುದು ಅವಳ ಆಸೆ. ಅದಕ್ಕೂ ವಯಸ್ಸಿನ ಗೆರೆ ಇದೆ. ನಿಮ್ಮ ಕಾಮಗಾರಿಗೆ ಇಲ್ಲ. ಇವತ್ತು ಆಗದಿದ್ದರೆ ಮುಂದಿನ ಬಜೆಟ್‌ನಲ್ಲಿ, ಅದೂ ಆಗದಿದ್ದರೆ ಮುಂದಿನ ಚುನಾವಣೆಯ ಪ್ರಣಾಳಿಕೆಯಲ್ಲಿ.

ಗ್ರೌಂಡು ಹಾಳಾದ ಕತೆ ನಿಮಗೆ ಗೊತ್ತಿರುವುದೇ, ಯಾಕೆಂದರೆ ಅದರ ಪ್ರತಿ ಅಂಕದಲ್ಲೂ ನೀವೇ ಮುಖ್ಯ ಅತಿಥಿ. 2023ರ ಕೊನೆಗೆ ಅಭಿವೃದ್ಧಿ ಅಂತ ಭೂಮಿಪೂಜೆ ಮಾಡಿದಿರಿ. ಗುದ್ದಲಿ ಹಿಡಿದ ಫೋಟೋ ಚೆನ್ನಾಗಿತ್ತು. ಕಾಂಪೌಂಡಿಗೆಂದು ಒಂದು ಬದಿ ಉದ್ದಕ್ಕೂ ಅಗೆದರು, ಜಲ್ಲಿ ಸುರಿದರು, ಶಹಾಬಾದ್ ಫರ್ಸಿ ಕಲ್ಲು ತಂದು ಒಟ್ಟಿದರು. ಆಮೇಲೆ ಗುತ್ತಿಗೆದಾರರು ಮಾಯ. ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಬೋರ್ಡು ಈಗಲೂ ಇದೆ, ನಮ್ಮ ಬಿಸಿಲಿಗೆ ಅದರ ಅಕ್ಷರ ಬಿಳಿಚಿಕೊಂಡು ‘ಕಾಮಗಾರಿ’ ಅಷ್ಟೇ ಉಳಿದಿದೆ. ನಡುವೆ ಒಂದು ಸಮಾವೇಶ ನಡೆಯಿತು. ಪೆಂಡಾಲಿನ ಕಂಬಕ್ಕೆ ತೋಡಿದ ಗುಂಡಿಗಳನ್ನು ಯಾರೂ ಮುಚ್ಚಲಿಲ್ಲ. ಒಂದು ಗೋಲ್ ಪೋಸ್ಟ್ ಪೂರ್ತಿ ಹೋಯಿತು. ಇನ್ನೊಂದರ ಮೇಲಿನ ಬಾರ್ ಬಿಚ್ಚಿ ಪೆಂಡಾಲಿಗೆ ಬಳಸಿದರು, ಅದು ತಿರುಗಿ ಬರಲಿಲ್ಲ. ಎರಡು ಕಂಬ ಮಾತ್ರ ನಿಂತಿದ್ದವು. ಇನ್ನೊಂದು ಸಲ ಯಾರೋ ದೊಡ್ಡವರ ಹೆಲಿಕಾಪ್ಟರ್ ಇಳಿಯಲೆಂದು ಗ್ರೌಂಡಿನ ನಡುಮಧ್ಯೆ ಕಾಂಕ್ರೀಟು ಹಾಕಿ ಬಿಳಿ ಬಣ್ಣದಲ್ಲಿ ವೃತ್ತ ಬರೆದರು. ಸೆಂಟರ್ ಸರ್ಕಲ್ ಬರೆಸಿಕೊಡಿ ಅಂತ ನಾವು ಮೊದಲೇ ಕೇಳಿದ್ದೆವು. ಅದೊಂದು ಬೇಡಿಕೆ ಈಡೇರಿತು, ಧನ್ಯವಾದ.

ಆಟದ ಗ್ರೌಂಡನ್ನು ಬೇರೆ ಕಾರ್ಯಕ್ರಮಕ್ಕೆ ಕೊಟ್ಟರೆ ಮುಗಿದ ಮೇಲೆ ಮೊದಲಿದ್ದ ಹಾಗೆ ಮಾಡಿಸಿಕೊಳ್ಳಬೇಕು ಅನ್ನುವುದು ನಿಮಗೆ ಗೊತ್ತಿಲ್ಲದ್ದಲ್ಲ. ನಿಯಮವನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಇಷ್ಟನ್ನೂ ಸಹಿಸಿಕೊಂಡಿದ್ದೆವು. ಸಹಿಸಲಾಗದ್ದು ಫ್ಲೆಕ್ಸಿನ ಪ್ರಕರಣ.

ಕಳೆದ ವರ್ಷ ಆಗಸ್ಟ್‌ನಲ್ಲಿ ಭೂತಾನದ ಥಿಂಫುವಿನಲ್ಲಿ ನಮ್ಮ 17ರೊಳಗಿನ ಹುಡುಗಿಯರು ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್ ಗೆದ್ದರು. ಕೊನೆಯ ಪಂದ್ಯದಲ್ಲಿ ಬಾಂಗ್ಲಾದೇಶಕ್ಕೆ 3-4ರಿಂದ ಸೋತರೂ ಅಂಕಗಳಲ್ಲಿ ನಾವೇ ಮುಂದಿದ್ದೆವು. ನಮ್ಮ ಹುಡುಗಿಯರು ಅವತ್ತು ಚುರುಮುರಿ ಹಂಚಿಕೊಂಡು ತಿಂದರು. ಅದಾದ ಸ್ವಲ್ಪ ದಿನಕ್ಕೆ ಸಂಜೆ ಗ್ರೌಂಡಿಗೆ ಹೋಗಿ ನೋಡಿದರೆ ಉಳಿದಿದ್ದ ಆ ಎರಡು ಕಂಬಕ್ಕೆ ಅಡ್ಡಲಾಗಿ, ಮೇಲಿಂದ ಕೆಳಗಿನವರೆಗೆ, ಒಂದು ಫ್ಲೆಕ್ಸು. ‘ವಿಜೇತ ಭಾರತದ ಹೆಣ್ಣುಮಕ್ಕಳಿಗೆ ಹಾರ್ದಿಕ ಅಭಿನಂದನೆಗಳು.’ ಕೆಳಗೆ ನಿಮ್ಮ ಅಭಿಮಾನಿಗಳ ಪಾಸ್‌ಪೋರ್ಟ್ ಫೋಟೋಗಳ ಸಾಲು. ಮೂಲೆಯಲ್ಲಿದ್ದ ತಂಡ ಭಾರತದ್ದೇ ಅಲ್ಲ, ಕೆಂಪು ಜೆರ್ಸಿ ತೊಟ್ಟ ಬಿಳಿ ಹುಡುಗಿಯರು, ಯಾವ ದೇಶದವರೋ. ನಿಮ್ಮ ಫೋಟೋ ಮಾತ್ರ ನಿಮ್ಮದೇ.

ನಮ್ಮ ಹುಡುಗಿಯರು ಹರಿಯಲಿಲ್ಲ. ಬೈಂಡಿಂಗ್ ವಯರನ್ನು ಒಂದೊಂದಾಗಿ ತಿರುವಿ ಬಿಚ್ಚಿದರು, ಬೆರಳು ಗೀರಿಸಿಕೊಂಡರು, ಸೀರೆ ಮಡಚುವ ಹಾಗೆ ಇಬ್ಬಿಬ್ಬರು ತುದಿ ಹಿಡಿದು ಮಡಚಿ ಫರ್ಸಿಯ ಮೇಲಿಟ್ಟರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಬೈಕಿನ ಮೇಲೆ ನಿಮ್ಮವರು ಬಂದರು. ‘ಸಾಹೇಬ್ರ ಫೋಟೋ ನೆಲಕ್ಕ ಹಾಕ್ತೀರೇನ? ಯಾರ ಹೇಳಿಕೊಟ್ಟಾರ ಹೇಳ್ರಿ, ಯಾವ ಪಾರ್ಟಿಯವರ?’ ಹದಿನಾರರ ಹುಡುಗಿಯರಿಗೆ ಯಾವ ಪಾರ್ಟಿ, ಸಾಹೇಬ್ರೇ? ತಾಯಂದಿರನ್ನು ಕರೆಸಿದರು. ಟೇಪು ಕೊರಳಲ್ಲೇ ಇತ್ತು, ಹಾಗೇ ಓಡಿದೆ. ಒಬ್ಬ ನನ್ನ ಮುಖ ನೋಡಿ ‘ಹೆಣ್ಣ್ಮಕ್ಕಳಿಗಿ ಚಡ್ಡಿ ಹಾಕಿ ಆಡ್ಲಾಕ ಬಿಟ್ರ ಹಿಂಗೇ ಆಗ್ತದ’ ಅಂದ. ಆಮೇಲೆ ಆ ಮಕ್ಕಳ ಕೈಯಿಂದಲೇ ಫ್ಲೆಕ್ಸನ್ನು ಮತ್ತೆ ಕಟ್ಟಿಸಿ, ಅದರ ಮುಂದೆ ಸಾಲಾಗಿ ನಿಲ್ಲಿಸಿ, ನಿಮ್ಮ ಫೋಟೋಕ್ಕೆ ಕೈ ಮುಗಿದು ಕ್ಷಮೆ ಕೇಳಿಸಿದರು. ಯಾವ ಫ್ಲೆಕ್ಸಿನ ಮುಂದೆ ಅಂತ ಇನ್ನೊಮ್ಮೆ ಹೇಳಲೇ? ಹೆಣ್ಣುಮಕ್ಕಳು ಫುಟ್‌ಬಾಲ್ ಗೆದ್ದದ್ದಕ್ಕೆ ಅಭಿನಂದನೆ ಹೇಳುವ ಫ್ಲೆಕ್ಸಿನ ಮುಂದೆ.

ಇದು ನಿಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ ಎಂದುಕೊಂಡು ಮನವಿಯಲ್ಲಿ ಬರೆದುಕೊಟ್ಟೆ. ಸೀಲು ಬಿತ್ತು. ಆ ವಾರವೇ ಕ್ರಮವೂ ಆಯಿತು: ಗ್ಯಾಸ್ ಕಟರ್ ತಂದು ಆ ಎರಡು ಕಂಬಗಳನ್ನು ಬುಡಕ್ಕೆ ಕತ್ತರಿಸಿ ಒಯ್ದರು. ಮೂರು ವರ್ಷದಲ್ಲಿ ನಮ್ಮ ಗ್ರೌಂಡಿನಲ್ಲಿ ಹೇಳಿದ ಸಮಯಕ್ಕೆ ಮುಗಿದ ಕೆಲಸ ಅದೊಂದೇ.

ಈಗ ಹುಡುಗಿಯರು ಎಪಿಎಂಸಿ ಯಾರ್ಡಿನ ಕಾಂಕ್ರೀಟಿನ ಮೇಲೆ ಆಡುತ್ತಾರೆ. ತೊಗರಿ ಬರುವ ಡಿಸೆಂಬರ್, ಜನವರಿಯಲ್ಲಿ ಅದೂ ಇಲ್ಲ. ಹಮಾಲರು ಬೈಯುತ್ತಾರೆ, ಅವರು ಬೈಯುವುದು ಸರಿಯೇ, ಅದು ಅವರ ಹೊಟ್ಟೆಪಾಡಿನ ಜಾಗ. ಗೋಲ್‌ಕೀಪರ್ ಕಾಂಕ್ರೀಟಿನ ಮೇಲೆ ಹಾರಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕೇ? ಹಳೆಯ ಜೀನ್ಸ್ ಕತ್ತರಿಸಿ, ಒಳಗೆ ಬ್ಲೌಸಿಗೆ ಹಾಕುವ ಪ್ಯಾಡು ಎರಡೆರಡು ಪದರ ಇಟ್ಟು ಮೊಣಕೈಗೆ, ಸೊಂಟಕ್ಕೆ ಹೊಲಿದು ಕೊಟ್ಟಿದ್ದೇನೆ. ಆದರೂ ರಾತ್ರಿ ಸೊಂಟದ ಪಕ್ಕದ ತರಚಿದ ಜಾಗಕ್ಕೆ ಬಟ್ಟೆ ತಾಗಿದರೂ ಹಲ್ಲು ಕಚ್ಚುತ್ತಾಳೆ.

ಇನ್ನೊಂದು ತೊಂದರೆ ಇದೆ, ಆಡದವರಿಗೆ ತಿಳಿಯುವುದಿಲ್ಲ. ಗೋಲ್ ಪೋಸ್ಟ್ 24 ಅಡಿ ಅಗಲ, 8 ಅಡಿ ಎತ್ತರ. ಯಾರ್ಡಿನಲ್ಲಿ ಎರಡು ಚೀಲ ಇಟ್ಟರೆ ಅಗಲ ಸಿಗುತ್ತದೆ, ಎತ್ತರ ಸಿಗುವುದಿಲ್ಲ. ತಲೆ ಮೇಲಿಂದ ಹೋದದ್ದೆಲ್ಲ ‘ಮ್ಯಾಲ ಹೋಯ್ತು’ ಎಂದು ಗೋಲ್‌ಕೀಪರ್ ಕೂಗಿದರೆ ಮುಗಿಯಿತು. ಕಳೆದ ನವೆಂಬರ್‌ನಲ್ಲಿ ಕಲಬುರಗಿಯಲ್ಲಿ ಒಂದು ಟೂರ್ನಿಗೆ ಹೋದಾಗ ಎರಡು ಗೋಲು ಬಿಟ್ಟಳು. ಎರಡೂ ಬಾರ್ ಕೆಳಗಿಂದ, ಅವಳ ತಲೆ ಮೇಲಿಂದ. ಮೊದಲನೆಯದಕ್ಕೆ ಕೈ ಕೂಡ ಎತ್ತಲಿಲ್ಲ, ಹೊರಗೆ ಹೋಯಿತು ಎಂದೇ ತಿಳಿದು ಚೆಂಡು ತರಲು ತಿರುಗಿದ್ದಳು. ನೋಡುವವರು ನಕ್ಕರು. ಬಸ್ಸಿನಲ್ಲಿ ವಾಪಸ್ ಬರುವಾಗ ಒಂದೂ ಮಾತಾಡಲಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಇದೆ, ನಿಜ, ಅದಕ್ಕೆ ಸರ್ಕಾರಕ್ಕೆ ಕೃತಜ್ಞಳು. ಬಾರ್ ಇರುವ ಗೋಲ್ ಪೋಸ್ಟು ನೋಡಲಿಕ್ಕೆ ನಮ್ಮ ಮಕ್ಕಳು ಬಸ್ಸು ಹತ್ತಬೇಕಾಗಿದೆ, ಅದನ್ನು ಹೇಳಿದೆ.

‘ನಮ್ಮ ಕಡೆ ಕ್ರಿಕೆಟ್ ಬಿಟ್ಟು ಬೇರೆ ಯಾರು ಆಡ್ತಾರ?’ ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರು ಕೇಳಿದರು. ನಮ್ಮ ಮಾವನವರು ಇದ್ದಿದ್ದರೆ ಉತ್ತರ ಕೊಡುತ್ತಿದ್ದರು. ಅವರು ಹೈದರಾಬಾದ್ ಪೊಲೀಸ್ ತಂಡದ ಭಕ್ತರು. ಆ ತಂಡದ ಕೋಚ್ ಸಯ್ಯದ್ ಅಬ್ದುಲ್ ರಹೀಮ್ ಸಾಹೇಬರೇ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೇ ಸ್ಥಾನಕ್ಕೆ ಒಯ್ದವರು, 1962ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆಲ್ಲಿಸಿದವರು. ‘ಒಲಿಂಪಿಕ್ಸ್ ಶುರುವಾಗೋಕೆ ಮೂರು ವಾರ ಮೊದಲು ನವೆಂಬರ್ 1ಕ್ಕೆ ನಮ್ಮನ್ನು ಹೈದರಾಬಾದ್ ರಾಜ್ಯದಿಂದ ತೆಗೆದು ಮೈಸೂರು ರಾಜ್ಯಕ್ಕೆ ಸೇರಿಸಿದರು, ಇಲ್ಲದಿದ್ದರೆ ಅದು ನಮ್ಮ ರಾಜ್ಯದವರ ಟೀಮು’ ಎಂದು ಮಾವ ನಗುತ್ತಿದ್ದರು.

ಅಷ್ಟು ಹಿಂದಕ್ಕೂ ಹೋಗಬೇಕಾಗಿಲ್ಲ. 2022ರ ಭಾರತ ತಂಡದ ನಾಯಕಿ ಅಷ್ಟಮ್ ಉರಾಂವ್ ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹಳ್ಳಿಯವಳು. ಆ ತಂಡದಲ್ಲಿ ಜಾರ್ಖಂಡಿನವರೇ ಆರು ಜನ. ಗುಮ್ಲಾ ನಮಗಿಂತ ಶ್ರೀಮಂತ ಜಿಲ್ಲೆಯಲ್ಲ. ಅವಳು ನಾಯಕಿಯಾದ ಮೇಲೆ ಸರ್ಕಾರ ಅವಳ ಊರಿಗೆ ರಸ್ತೆ ಮಾಡಿಸಿತು, ಆ ರಸ್ತೆಯಲ್ಲಿ ಅವಳ ತಂದೆತಾಯಿಯೇ ಕೂಲಿಗೆ ದುಡಿದರು ಎಂದು ಆಗ ಪೇಪರಿನಲ್ಲಿ ಬಂದಿತ್ತು. ನಾಚಿಕೆಗೇಡು ಅಂದೆವು. ಈಗ ಅನಿಸುತ್ತದೆ, ಅಲ್ಲಿ ರಸ್ತೆಯಾದರೂ ಆಯಿತು. 2022ರಲ್ಲಿ ಆತಿಥೇಯರೆಂದು ಜಾಗ ಪಡೆದು 16 ಗೋಲು ತಿಂದ ದೇಶದ ಹುಡುಗಿಯರು 2025ರ ಅಕ್ಟೋಬರ್‌ನಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಉಜ್ಬೇಕಿಸ್ತಾನವನ್ನು 2-1ರಿಂದ ಸೋಲಿಸಿ, ಆಡಿ ಗೆದ್ದೇ 17ರೊಳಗಿನವರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು. ಅವರ ಹಿಂದೆ ಎಲ್ಲೋ ಒಂದು ಗ್ರೌಂಡು, ಎರಡು ಗೋಲ್ ಪೋಸ್ಟು ಇದ್ದೇ ಇರಬೇಕಲ್ಲ.

ದುಡ್ಡಿಲ್ಲ ಎನ್ನುವ ಮಾತು ಬೇಡ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ನಮ್ಮ ಭಾಗಕ್ಕೆ ಎಷ್ಟು ಬರುತ್ತದೆ ಎನ್ನುವುದನ್ನು ನೀವೇ ವೇದಿಕೆ ಮೇಲೆ ಹೇಳುತ್ತಿರುತ್ತೀರಿ. ಹಾಗೂ ಕಷ್ಟವಾದರೆ ನಮ್ಮ ಓಣಿಯ ವೆಲ್ಡಿಂಗ್ ಅಂಗಡಿಯವರು ಮಜೂರಿ ಬೇಡ ಅಂದಿದ್ದಾರೆ. ಪೈಪಿನ ದುಡ್ಡನ್ನು ತಾಯಂದಿರು ಸಂಘದಲ್ಲಿ ಕೂಡಿಸಿಟ್ಟಿದ್ದೇವೆ. ಗುಂಡಿ ಮುಚ್ಚಲು ಟ್ರ್ಯಾಕ್ಟರ್ ಕೊಡುವವರೂ ಇದ್ದಾರೆ. ಇದನ್ನೂ ಬರೆದುಕೊಟ್ಟಾಗ, ಸರ್ಕಾರಿ ಜಾಗದಲ್ಲಿ ಖಾಸಗಿಯವರು ಏನನ್ನೂ ನಿಲ್ಲಿಸುವ ಹಾಗಿಲ್ಲ, ಅನುಮತಿ ಬೇಕು ಎಂಬ ಉತ್ತರ ಬಂತು. ಫ್ಲೆಕ್ಸಿಗೆ ಅನುಮತಿ ಯಾರು ಕೊಟ್ಟಿದ್ದರು ಎಂದು ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ನಮ್ಮದು ಎರೆ ಮಣ್ಣು. ಮೃಗಶಿರಾ ಮಳೆ ಬಿದ್ದರೆ ಗ್ರೌಂಡಿಗೆ ಟ್ರ್ಯಾಕ್ಟರ್ ಇಳಿಯುವುದಿಲ್ಲ, ಕಂಬವೂ ನಿಲ್ಲುವುದಿಲ್ಲ. ಶಾಲೆ ಶುರುವಾಗಿ ತಾಲ್ಲೂಕು ಮಟ್ಟದ ಕ್ರೀಡಾಕೂಟ ಬಂದೇ ಬಿಡುತ್ತದೆ. ಆದ್ದರಿಂದ ಮೇ ತಿಂಗಳೊಳಗೆ ಗುಂಡಿ ಮುಚ್ಚಿಸಿ, ಫರ್ಸಿ, ಜಲ್ಲಿ ತೆಗೆಸಿ, ಎರಡು ಗೋಲ್ ಪೋಸ್ಟ್ ನಿಲ್ಲಿಸಿ, ಬಾರ್ ಸಮೇತ. ಇಲ್ಲವೇ ನಿಲ್ಲಿಸಿಕೊಳ್ಳಲು ನಮಗೆ ಒಂದು ಸಾಲಿನ ಅನುಮತಿ ಕೊಡಿ. ಸಂಜೆ ಐದರಿಂದ ಏಳರವರೆಗೆ ಗ್ರೌಂಡು ಮಕ್ಕಳಿಗೆ ಬಿಟ್ಟಿರಲಿ, ಯಾವ ಸಮಾವೇಶವೇ ಇರಲಿ. ಆ ದಿನ ಹುಡುಗಿಯರ ಬಾಯಿಂದ ಕ್ಷಮೆ ಕೇಳಿಸಿದವರು ಯಾರೆಂದು ನಿಮಗೆ ಗೊತ್ತು. ಅವರನ್ನು ಅದೇ ಗ್ರೌಂಡಿಗೆ ಕಳಿಸಿ, ಕಂಬಕ್ಕೆ ಗುಂಡಿ ತೋಡಲು ಆಳು ಕಡಿಮೆ ಇದ್ದಾರೆ.

ಉತ್ತರವನ್ನು ಸೀಲಿನಲ್ಲಿ ಕೊಡಬೇಡಿ.

ಇಂತಿ,
ಗೋಲ್‌ಕೀಪರ್ ಹುಡುಗಿಯೊಬ್ಬಳ ತಾಯಿ
ಕಲಬುರಗಿ ಜಿಲ್ಲೆ