ಅಣ್ಣಾ, ತೋಟ ಅಡ ಇಡಬೇಡ

ಅಣ್ಣಾ,

ನಾವೆಲ್ಲ ಕ್ಷೇಮ. ಅತ್ತಿಗೆ, ಪುಟ್ಟಿ ಚೆನ್ನಾಗಿದ್ದಾರಲ್ವಾ? ನಿನ್ನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ತೋಟ ಅಡ ಇಟ್ಟು ಸೋಮವಾರಪೇಟೆ ಮನೆಯನ್ನು ವೃದ್ಧಾಶ್ರಮ ಮಾಡುತ್ತೀಯಾ? ಅದೂ 20 ಮಂಚ ಹಾಕಿ? ಫೋನಿನಲ್ಲಿ ನಾನು ಬಡಾಯಿ ಕೊಚ್ಚಿದ್ದೇ ತಪ್ಪಾಯಿತು.

ನಾನು ಕೆಲಸ ಮಾಡುವ ಇಲ್ಲಿಯ ವೃದ್ಧರ ಮನೆಯಲ್ಲಿ ಇರುವುದು ಆರೇ ಜನ ಅಜ್ಜ ಅಜ್ಜಿಯರು. ಕ್ಯಾಲಿಫೋರ್ನಿಯಾದಲ್ಲಿ 6 ಜನರ ತನಕ ಇಂಥದ್ದು ಸಾಮಾನ್ಯ ವಾಸದ ಮನೆ ಅಂತಲೇ ಲೆಕ್ಕ. ನಗರಸಭೆಯವರು ಝೋನಿಂಗ್ ಅಂತ, ಅಂದರೆ ಯಾವ ಜಾಗದಲ್ಲಿ ಏನು ನಡೆಸಬಹುದು ಅನ್ನುವ ನಿಯಮ ತೋರಿಸಿ, ಬೇರೆ ಪರ್ಮಿಟ್ ಕೇಳುವಂತಿಲ್ಲ. ಪಕ್ಕದ ಮನೆಯವರು ಗೊಣಗಿದರೂ ಅಷ್ಟೇ. ಏಳನೆಯವರು ಬಂದರೆ ಆ ರಿಯಾಯಿತಿ ಇಲ್ಲ. ಹಾಗಂತ ಆರು ಜನಕ್ಕೆ ಸುಮ್ನೆ ಬಿಡುವುದಿಲ್ಲ. ರಾಜ್ಯದ ಲೈಸೆನ್ಸ್ ಬೇಕೇ ಬೇಕು. ಮನೆ ನಡೆಸುವವರಿಗೆ 80 ಗಂಟೆ ತರಬೇತಿ, ಮೇಲೊಂದು ಪರೀಕ್ಷೆ. ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳಲು ಬೆಂಕಿ ಇಲಾಖೆಯ ಬೇರೆ ಒಪ್ಪಿಗೆ. ನಲ್ಲಿಯ ಬಿಸಿನೀರು 105ರಿಂದ 120 ಡಿಗ್ರಿ ಫ್ಯಾರನ್‌ಹೀಟ್ ಒಳಗೇ ಇರಬೇಕು. ತಪಾಸಣೆಯವರು ಹೇಳದೆ ಕೇಳದೆ ಬಂದು ಥರ್ಮಾಮೀಟರ್ ಹಿಡಿಯುತ್ತಾರೆ! ನಮ್ಮ ಬಚ್ಚಲ ಹಂಡೆ ನೋಡಿದರೆ ಏನನ್ನುತ್ತಾರೋ. ಮರೆವಿನ ಕಾಯಿಲೆಯವರು ಇರುವುದರಿಂದ ಚಾಕುವಿಗೂ ಬೀಗ. ಈರುಳ್ಳಿ ಹೆಚ್ಚಲು ನಾನು ಬೀಗದ ಕೈ ಹುಡುಕಬೇಕು. ನಗಬೇಡ, ಇಲ್ಲಿಯವರೆಗೆ ಯಾರ ಬೆರಳೂ ಕತ್ತರಿಸಿಲ್ಲ.

ಇದೆಲ್ಲ ಇಲ್ಲಿಯ ಕತೆ. ನಮ್ಮ ಮನೆ ಇರುವುದು ಕಾಫಿ ತೋಟದೊಳಗೆ. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಭೂಪರಿವರ್ತನೆ ಆ ಜಾಗಕ್ಕೆ ಆಗಿಲ್ಲ. ಆರ್‌ಟಿಸಿಯಲ್ಲಿ ದೊಡ್ಡಪ್ಪನ ಮಕ್ಕಳ ಹೆಸರೂ ಇದೆ. ಅವರು ಸಹಿ ಹಾಕುತ್ತಾರಾ? ಡಿಸಿ ಆಫೀಸಿಗೆ ಅಲೆದು ಆದೇಶ ಕೈಗೆ ಬರುವ ತನಕ ಬಡ್ಡಿ ಯಾರು ಕಟ್ಟುವುದು? ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದರೆ ಆ 20 ಜನರ ಗತಿ? ಗೇಟಿನಿಂದ ಮೇಲೆ ಬರುವ ಮೆಟ್ಟಿಲಲ್ಲಿ ಅಮ್ಮನೇ ಕೂತು ಕೂತು ಹತ್ತುತ್ತಾಳೆ.

ಮೊದಲು ಭಾಗಪತ್ರ ಆಗಲಿ. ಭೂಪರಿವರ್ತನೆ ಆಗಲಿ. ಆಮೇಲೆ ಆರು ಮಂಚ ಹಾಕು, ನಾನೂ ದುಡ್ಡು ಕಳಿಸುತ್ತೇನೆ. ಅಲ್ಲಿಯ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡ. ಅಮ್ಮನ ಮೇಲಾಣೆ.

ನನ್ನ ಚಿಂತೆ ಬೇಡ. ಕೆಲಸ ಏನೂ ಕಷ್ಟವಿಲ್ಲ, ಊಟ ಚೆನ್ನಾಗಿದೆ, ಚಳಿಯೂ ಇಲ್ಲ. ಬೆನ್ನುನೋವು ಇಲ್ಲವೇ ಇಲ್ಲ, ಅಂದರೆ ಇತ್ತು, ಈಗಿಲ್ಲ. ಅಮ್ಮನಿಗೆ ಹೇಳಬೇಡ.

3ನೇ ರೂಮಿನ ಅಜ್ಜಿ ಬೆಲ್ ಒತ್ತುತ್ತಿದ್ದಾರೆ. ಭಾನುವಾರ ಫೋನ್ ಮಾಡುತ್ತೇನೆ, ಎತ್ತು.

ನಿನ್ನ ತಂಗಿ