ಭಾನುವಾರದ ಪದ: ‘ಕಾಯ್’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ ಕಬ್ಬನ್ ಪಾರ್ಕ್ ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಸೇರೋಣ. ಪದ ‘ಕಾಯ್’, ಸಿ-ಓ-ವೈ (ತೆಂಗಿನಕಾಯಿ ಅಲ್ಲ!). ಲ್ಯಾಟಿನ್ನಿನ ‘ಕ್ವಿಯೆಟಸ್’, ಅಂದರೆ ಶಾಂತ, ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ಹೀಗಾಗಿದೆ. ಮೊದಲು ನಿಜವಾದ ಸಂಕೋಚಕ್ಕೇ ಹೇಳುತ್ತಿದ್ದರು, ಈಗ ಜಾಸ್ತಿ ಹುಸಿನಾಚಿಕೆಗೆ, ಹೆಚ್ಚುಕಡಿಮೆ ನಮ್ಮ ಬಿಂಕದ ಹಾಗೆ. ಸಂಬಳ ಎಷ್ಟು ಅಂತ ಕೇಳಿದರೆ ಕೆಲವರು ಸುಮ್ನೆ ನಕ್ಕು ಮಾತು ಹಾರಿಸುತ್ತಾರಲ್ವಾ, ಅದಕ್ಕೂ ಇದೇ ಪದ. ನಿಜಕ್ಕೂ ನಾಚುವವರಿಗೆ ‘ಶೈ’ ಸಾಕು, ಅವರನ್ನು ‘ಕಾಯ್’ ಅಂದರೆ ಕೊಂಕಾಗುತ್ತದೆ.

ಒಬ್ಬೊಬ್ಬರೂ ಎರಡು ವಾಕ್ಯ ಬರೆದು ತನ್ನಿ, ಹುಸಿನಾಚಿಕೆಗೆ ಒಂದು, ಮಾತು ಹಾರಿಸುವುದಕ್ಕೆ ಒಂದು. ಬರುತ್ತೀರೋ ಇಲ್ಲವೋ, ಬಿಂಕ ಬಿಟ್ಟು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಮಳೆ ಬಂದರೆ ಜಾಗ ಬದಲಾಗಬಹುದು, ಹೊರಡುವ ಮುಂಚೆ ಗುಂಪು ನೋಡಿಕೊಳ್ಳಿ.